ಬೀರುವಿನ ಮೂಲೆಯಲ್ಲಿ ಅಜ್ಜಯ್ಯನ ದನಿ

ಮಲೆನಾಡಿನ ಮನೆಗಳಲ್ಲಿ ಮಳೆಗಾಲ ಹಿಂದೆ ಸರಿದ ಮೇಲೆ ಒಂದು ದಿನ ಬೀರು ಖಾಲಿ ಮಾಡುವ ಕೆಲಸ ಇದ್ದೇ ಇರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಚ್ಚಿಯೇ ಇದ್ದ ಬಾಗಿಲು ತೆಗೆದರೆ ರೇಷ್ಮೆ ಸೀರೆ, ಚರ್ಮದ ಬೆಲ್ಟು, ಫೋಟೊ ಆಲ್ಬಮ್ಮು ಎಲ್ಲದರ ಮೇಲೂ ಬಿಳಿ ಬೂಷ್ಟು. ಸೀರೆ ಅಂಗಳದ ಹಗ್ಗಕ್ಕೆ ಹೋಗುತ್ತದೆ. ಬೆಲ್ಟಿಗೆ ಎಣ್ಣೆಬಟ್ಟೆಯ ಒರೆತ ಸಿಗುತ್ತದೆ. ಕೊನೆಗೆ ಮೇಲಿನ ಅರೆಯ ಮೂಲೆಯಿಂದ ಪ್ಲಾಸ್ಟಿಕ್ ಲಕೋಟೆಗಳ ಒಂದು ಕಟ್ಟು ಹೊರಬರುತ್ತದೆ. ಒಂದು ಡಿಸ್ಕಿನ ಮೇಲೆ ಬಾಲ್‌ಪೆನ್ನಿನಲ್ಲಿ ‘ಮದುವೆ, ಭಾಗ 2’ ಎಂದಿದೆ. ಇನ್ನೊಂದರ ಮೇಲೆ ‘ಗೃಹಪ್ರವೇಶ’. ಮತ್ತೊಂದರ ಮೇಲೆ ಏನೂ ಇಲ್ಲ.

ಇವನ್ನೇನು ಮಾಡಬೇಕೆಂದು ಮನೆಯಲ್ಲಿ ಯಾರಿಗೂ ತಿಳಿಯದು. ಡೀವಿಡಿ ಪ್ಲೇಯರು ಯಾವುದೋ ಸಿಡಿಲಿಗೆ ಸುಟ್ಟುಹೋಗಿ ಗುಜರಿ ಸೇರಿದೆ. ಮಕ್ಕಳ ಲ್ಯಾಪ್‌ಟಾಪಿಗೆ ಡಿಸ್ಕು ತೂರಿಸುವ ಬಾಯಿಯೇ ಇಲ್ಲ. ಎಸೆಯಲು ಮನಸ್ಸು ಬರುವುದಿಲ್ಲ. ಮತ್ತೆ ಅದೇ ಮೂಲೆಗೆ, ಮುಂದಿನ ವರ್ಷದ ಬೂಷ್ಟಿಗೆ.

ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ದಾರಿಯಲ್ಲಿ ಇಂಥದೊಂದು ತೋಟದ ಮನೆಯನ್ನು ಊಹಿಸಿಕೊಳ್ಳಿ. ಪಿಯುಸಿ ಓದುವ ಮೊಮ್ಮಗ ರಜೆಗೆ ಬಂದಿದ್ದಾನೆ. ಅಜ್ಜಿ ಆ ಕಟ್ಟನ್ನು ಅವನ ಮುಂದೆ ಹಿಡಿದು, “ಇದ್ರಲ್ಲಿ ನಿನ್ನಜ್ಜಯ್ಯ ಮಾತಾಡ್ತಾರೆ ಕಣೋ ಮಾರಾಯ. ಒಂದ್ಸಲ ಹಾಕು, ನೋಡಾಣ” ಎನ್ನುತ್ತಾರೆ. ಅಜ್ಜಯ್ಯ ತೀರಿಕೊಂಡು ಹದಿನೈದು ವರ್ಷವಾಗಿದೆ. ಫೋಟೊದಲ್ಲಿ ಅವರ ಮುಖವಿದೆ. ದನಿ ಇರುವುದು ಆ ಡಿಸ್ಕಿನಲ್ಲಿ ಮಾತ್ರ. ಮೊಮ್ಮಗ ಮೊಬೈಲಿನಲ್ಲಿ ನಿಮಿಷಕ್ಕೊಂದು ವಿಡಿಯೋ ಕತ್ತರಿಸಿ ಜೋಡಿಸಬಲ್ಲ ಪ್ರವೀಣ. ಆದರೆ ಈ ಡಿಸ್ಕಿನ ಮುಂದೆ ಅವನ ಪ್ರಾವೀಣ್ಯ ಕೆಲಸಕ್ಕೆ ಬರುವುದಿಲ್ಲ. ಹೇಗೋ ಒಂದು ಡ್ರೈವ್ ಹೊಂದಿಸಿ ಡಿಸ್ಕು ತೆರೆದರೂ ಒಳಗೆ ಕಾಣುವುದು ‘ಮದುವೆ’ ಎಂಬ ಒಂದು ಫೈಲಲ್ಲ, ಅರ್ಥವಾಗದ ಹೆಸರುಗಳ ಹತ್ತಿಪ್ಪತ್ತು ಫೈಲುಗಳು. ಅವುಗಳಲ್ಲೊಂದನ್ನು ಎಳೆದು ಎಡಿಟಿಂಗ್ ತಂತ್ರಾಂಶಕ್ಕೆ ಹಾಕಿದರೆ ಚಿತ್ರ ಬರುತ್ತದೆ, ದನಿ ಬರುವುದಿಲ್ಲ. ಇನ್ನೊಂದನ್ನು ಹಾಕಿದರೆ ತಂತ್ರಾಂಶ ಕೈಯೆತ್ತಿಬಿಡುತ್ತದೆ.

ಸೋಲು ಹುಡುಗನದ್ದಲ್ಲ. ಡೀವಿಡಿಯನ್ನು ರೂಪಿಸಿದ್ದು ಟೀವಿಯ ಮುಂದೆ ಕುಳಿತು ನೋಡುವುದಕ್ಕಾಗಿ. ಕತ್ತರಿಸಿ ಜೋಡಿಸುವ ಯೋಚನೆ ಅದನ್ನು ಮಾಡಿದವರ ತಲೆಯಲ್ಲಿ ಇರಲಿಲ್ಲ.

ಸೀಡಿಯೋ ಡೀವಿಡಿಯೋ

ಕಾಫಿ ಸೀಮೆಯ ಮದುವೆಗಳಿಗೆ ವಿಡಿಯೋ ಕ್ಯಾಮೆರಾ ಕಾಲಿಟ್ಟದ್ದು ವಿಎಚ್‌ಎಸ್ ಕ್ಯಾಸೆಟ್ಟಿನ ಕಾಲದಲ್ಲಿ. ಜಪಾನಿನ ಜೆವಿಸಿ ಕಂಪನಿ 1976ರಲ್ಲಿ ಹೊರತಂದ ಆ ಕಪ್ಪು ಕ್ಯಾಸೆಟ್ಟು ಮೂರು ಗಂಟೆ ಓಡುತ್ತಿತ್ತು. ಏಪ್ರಿಲ್, ಮೇ ತಿಂಗಳ ಲಗ್ನಗಳಲ್ಲಿ ಹೆಗಲ ಮೇಲೆ ಕ್ಯಾಮೆರಾ, ಹಿಂದೊಬ್ಬ ಹುಡುಗನ ಕೈಯಲ್ಲಿ ಉರಿಯುವ ಹ್ಯಾಲೊಜನ್ ದೀಪ, ಅದರ ಬೆಳಕಿಗೆ ಕಣ್ಣು ಕಿರಿದಾಗಿಸಿಕೊಂಡ ನೆಂಟರು. ಆ ಕ್ಯಾಸೆಟ್ಟುಗಳ ಮೊದಲ ಶತ್ರು ಮಲೆನಾಡಿನ ತೇವವೇ. ಟೇಪಿನ ಅಂಚಿಗೆ ಬೂಷ್ಟು ಕಟ್ಟಿದ ಕ್ಯಾಸೆಟ್ಟನ್ನು ಪ್ಲೇಯರಿಗೆ ಹಾಕಿದರೆ ಕ್ಯಾಸೆಟ್ಟೂ ಹಾಳು, ಪ್ಲೇಯರಿನ ಹೆಡ್ಡೂ ಹಾಳು.

ಹಾಗಾಗಿ ಸೀಡಿ ಬಂದಾಗ ಅನೇಕರು ಕ್ಯಾಸೆಟ್ಟನ್ನು ಸ್ಟುಡಿಯೋಗೆ ಕೊಟ್ಟು ಸೀಡಿ ಮಾಡಿಸಿಕೊಂಡರು. ಮೂರು ಗಂಟೆಯ ಮದುವೆಗೆ ಮೂರು ಸೀಡಿ, ಏಕೆಂದರೆ ಒಂದರಲ್ಲಿ ಹಿಡಿಸುವುದು ಸುಮಾರು 74 ನಿಮಿಷ. 1993ರಲ್ಲಿ ರೂಪುಗೊಂಡ ಈ ವಿಡಿಯೋ ಸೀಡಿ ಅಮೆರಿಕದಲ್ಲಿ ಅಷ್ಟಾಗಿ ನಡೆಯಲಿಲ್ಲ, ನಮ್ಮಲ್ಲಿ ಮನೆಮನೆಗೂ ಹೊಕ್ಕಿತು. 1996ರಲ್ಲಿ ಜಪಾನಿನಲ್ಲಿ ಮಾರುಕಟ್ಟೆಗೆ ಬಂದ ಡೀವಿಡಿ ನಮ್ಮೂರಿನ ಸ್ಟುಡಿಯೋ ತಲುಪುವಾಗ ಹೊಸ ಶತಮಾನ ಹುಟ್ಟಿತ್ತು. ಆದ್ದರಿಂದ ಬೀರುವಿನ ಕಟ್ಟಿನಲ್ಲಿ ಎರಡೂ ಬೆರೆತಿರುತ್ತವೆ. ಹೊರಗಿನಿಂದ ನೋಡಿದರೆ ಅವಳಿ ಮಕ್ಕಳು. ಬಾಯಿಮಾತಿನಲ್ಲಂತೂ ಎಲ್ಲವೂ ‘ಸೀಡಿ’ಯೇ.

ವ್ಯತ್ಯಾಸ ತಿಳಿಯುವುದು ಕಂಪ್ಯೂಟರಿನಲ್ಲಿ ತೆರೆದಾಗ. ‘ಎಂಪೆಗ್‌ಎವಿ’ ಎಂಬ ಫೋಲ್ಡರಿದ್ದು ಅದರೊಳಗೆ ‘ಡಿಎಟಿ’ ಎಂದು ಮುಗಿಯುವ ಫೈಲುಗಳಿದ್ದರೆ ಅದು ವಿಡಿಯೋ ಸೀಡಿ. ಅದರ ಚಿತ್ರದಲ್ಲಿ ಅಡ್ಡಕ್ಕೆ 352, ಉದ್ದಕ್ಕೆ 288 ಚುಕ್ಕಿಗಳು. ‘ವಿಡಿಯೋ ಟಿಎಸ್’ ಎಂಬ ಫೋಲ್ಡರಿದ್ದರೆ ಡೀವಿಡಿ. ಅಡ್ಡಕ್ಕೆ 720, ಉದ್ದಕ್ಕೆ 576. ಗುಣಿಸಿ ನೋಡಿದರೆ ಡೀವಿಡಿಯಲ್ಲಿ ಸುಮಾರು ನಾಲ್ಕು ಪಟ್ಟು ವಿವರ. ಹಾಗೆಂದು ವಿಎಚ್‌ಎಸ್ ಕ್ಯಾಸೆಟ್ಟಿನ ಮಸುಕು ಡೀವಿಡಿಗೆ ಏರಿದ ಮಾತ್ರಕ್ಕೆ ತಿಳಿಯಾಗುವುದಿಲ್ಲ. ಚಿಕ್ಕ ಪಾತ್ರೆಯ ಹಾಲನ್ನು ದೊಡ್ಡ ಪಾತ್ರೆಗೆ ಸುರಿದ ಹಾಗೆ, ಅಷ್ಟೇ.

ಮೊದಲು ನಕಲು, ಆಮೇಲೆ ನಾಟಕ

ಡಿಸ್ಕು ಕೈಗೆ ಬಂದೊಡನೆ ಎಡಿಟಿಂಗ್‌ಗೆ ಕೈಹಾಕುವುದು ಹುಡುಗರ ಸ್ವಭಾವ. ಅದು ತಪ್ಪು. ಬಿಳಿ ಡಿಸ್ಕಿಗೆ ಸ್ಟುಡಿಯೋದವರು ಬರೆದುಕೊಟ್ಟ ಡೀವಿಡಿಯಲ್ಲಿ ಮಾಹಿತಿ ನಿಂತಿರುವುದು ಒಂದು ಸಾವಯವ ಬಣ್ಣದ ತೆಳು ಪದರದ ಮೇಲೆ. ಬಿಸಿಲು, ಸೆಕೆ, ತೇವ ಮೂರೂ ಅದಕ್ಕೆ ಆಗದು. ಎಷ್ಟು ವರ್ಷ ಬಾಳುತ್ತದೆಂದು ಲಕೋಟೆಯ ಮೇಲೆ ಬರೆದಿಲ್ಲ. ಆದ್ದರಿಂದ ಪ್ರತಿ ಬಾರಿ ಡಿಸ್ಕು ತಿರುಗಿದಾಗಲೂ ಅದು ಕೊನೆಯ ಬಾರಿ ಎಂದೇ ಭಾವಿಸಿ ಮೊದಲು ಇಡೀ ಡಿಸ್ಕನ್ನು ಕಂಪ್ಯೂಟರಿಗೆ ನಕಲು ಮಾಡಿಕೊಳ್ಳಬೇಕು.

ಸೀರೆಯ ಜೊತೆ ಡಿಸ್ಕನ್ನೂ ಬಿಸಿಲಿಗೆ ಹರವಿದ ಮನೆಗಳಿಲ್ಲದೆ ಇಲ್ಲ. ಬೂಷ್ಟಿಗೆ ಬಿಸಿಲೇ ಮದ್ದು ಎಂಬುದು ಮಲೆನಾಡಿನ ಅನುಭವ, ಸೀರೆಯ ಮಟ್ಟಿಗೆ ಸರಿಯೂ ಹೌದು. ಡಿಸ್ಕಿನ ಬಣ್ಣದ ಪದರಕ್ಕೆ ಮಾತ್ರ ಅದೇ ವಿಷ. ಅಡುಗೆಮನೆಯ ಮೇಲಿನ ಅಟ್ಟವೂ ಬೇಡ. ಒರೆಸುವುದಾದರೆ ಮೆತ್ತನೆಯ ಹತ್ತಿಬಟ್ಟೆಯನ್ನು ಶುದ್ಧ ನೀರಿನಲ್ಲಿ ತುಸು ತೇವ ಮಾಡಿ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು. ತಟ್ಟೆ ತೊಳೆದ ಹಾಗೆ ಸುತ್ತ ತಿರುಗಿಸಿ ಉಜ್ಜಬಾರದು. ಮಾಹಿತಿ ಬರೆದಿರುವುದು ಸುರುಳಿಯಾಕಾರದಲ್ಲಿ. ಗೀರು ಅಡ್ಡವಾಗಿ ಬಿದ್ದರೆ ಕಳೆದುಹೋದದ್ದನ್ನು ಅಕ್ಕಪಕ್ಕದ ಮಾಹಿತಿಯಿಂದ ಲೆಕ್ಕ ಹಾಕಿ ತುಂಬಿಕೊಳ್ಳುವ ಏರ್ಪಾಡು ಡಿಸ್ಕಿನಲ್ಲೇ ಇದೆ. ಸುರುಳಿಯ ಜಾಡಿನಲ್ಲೇ ಗೀರು ಬಿದ್ದರೆ ಆ ಲೆಕ್ಕ ತಪ್ಪುತ್ತದೆ. ಸೀಡಿಯ ವಿಷಯದಲ್ಲಿ ಇನ್ನೊಂದು ಎಚ್ಚರ: ಅದರ ಮಾಹಿತಿಯ ಪದರ ಹೊಳೆಯುವ ಕಡೆಗಿಲ್ಲ, ಹೆಸರು ಬರೆಯುವ ಮೇಲ್ಮೈಯ ಕೆಳಗೇ ಇದೆ. ಪ್ರೀತಿಯಿಂದ ಬಾಲ್‌ಪೆನ್ನಿನಲ್ಲಿ ಒತ್ತಿ ಬರೆದ ‘ಮದುವೆ’ ಎಂಬ ಅಕ್ಷರಗಳೇ ಒಳಗಿನ ಮದುವೆಯನ್ನು ಗೀರಿಹಾಕಿರಬಹುದು.

ಲ್ಯಾಪ್‌ಟಾಪಿಗೆ ಯುಎಸ್‌ಬಿ ತಂತಿಯಲ್ಲಿ ಜೋಡಿಸುವ ಹೊರಗಿನ ಡೀವಿಡಿ ಡ್ರೈವ್ ಪೇಟೆಯಲ್ಲಿ ಸಿಗುತ್ತದೆ. ಊರಿನಲ್ಲಿ ಒಬ್ಬರ ಬಳಿ ಇದ್ದರೆ ಹತ್ತು ಮನೆಗೆ ಸಾಕು. ಒಂದು ಡ್ರೈವ್ ಓದದ ಡಿಸ್ಕನ್ನು ಇನ್ನೊಂದು ಡ್ರೈವ್ ಓದುವುದುಂಟು. ತಹಶೀಲ್ದಾರರ ಕಚೇರಿಯಲ್ಲಿ ಒಬ್ಬ ಗುಮಾಸ್ತನಿಗೆ ಅರ್ಥವಾಗದ ಅರ್ಜಿ ಪಕ್ಕದ ಮೇಜಿನವನಿಗೆ ಅರ್ಥವಾಗುವಂತೆ. ಹಾಳಾದ ಡಿಸ್ಕಿಗೆಂದೇ ‘ಡಿಡಿ ರೆಸ್ಕ್ಯೂ’ ಎಂಬ ಉಚಿತ ತಂತ್ರಾಂಶವಿದೆ. ಅದು ಮೊದಲು ಚೆನ್ನಾಗಿರುವ ಭಾಗಗಳನ್ನೆಲ್ಲ ಬಾಚಿಕೊಂಡು, ಆಮೇಲೆ ಹಟ ಹಿಡಿದ ಭಾಗಗಳನ್ನು ಮತ್ತೆ ಮತ್ತೆ ಕೆರೆಯುತ್ತದೆ. ಎಲ್ಲಿಯವರೆಗೆ ಓದಿದೆ ಎಂಬ ನಕ್ಷೆಯನ್ನು ಬರೆದಿಟ್ಟುಕೊಳ್ಳುವುದರಿಂದ ನಡುವೆ ಕರೆಂಟು ಹೋದರೂ ಮೊದಲಿನಿಂದ ಶುರು ಮಾಡಬೇಕಿಲ್ಲ. ಇದನ್ನು ಬರೆದವರು ಮೂಡಿಗೆರೆಯ ಮಳೆಗಾಲ ನೋಡಿರಲಾರರು, ಆದರೂ ಆ ಊರಿಗೆಂದೇ ಬರೆದಂತಿದೆ.

ಜಾಗದ ಚಿಂತೆಯೂ ದೊಡ್ಡದಲ್ಲ. ಒಂದು ಸಾಮಾನ್ಯ ಡೀವಿಡಿ ತುಂಬಿದರೆ 4.7 ಗಿಗಾಬೈಟ್. ಜೇಬಿನಲ್ಲಿ ಹಿಡಿಸುವ ಒಂದು ಟೆರಾಬೈಟ್ ಹಾರ್ಡ್‌ಡಿಸ್ಕಿನಲ್ಲಿ ಇಂಥ ಇನ್ನೂರು ಡಿಸ್ಕುಗಳು ಕುಳಿತುಕೊಳ್ಳುತ್ತವೆ. ಇಡೀ ಊರಿನ ಮದುವೆಗಳು.

ಚೀಲ ಬದಲಿಸುವುದೂ ಬೀಜ ಹುರಿಯುವುದೂ

ಈಗ ಆ ಅರ್ಥವಾಗದ ಫೈಲುಗಳಿಗೆ ಬರಬಹುದು. ‘ವಿಒಬಿ’ ಎಂದು ಮುಗಿಯುವವುಗಳಲ್ಲಿ ಚಿತ್ರ ಮತ್ತು ದನಿ ಇವೆ. ‘ಐಎಫ್‌ಒ’ ಎಂದರೆ ಪರಿವಿಡಿ: ಯಾವುದರ ನಂತರ ಯಾವುದು, ಅಧ್ಯಾಯಗಳು ಎಲ್ಲಿ ಎಂಬ ಪಟ್ಟಿ. ‘ಬಿಯುಪಿ’ ಆ ಪರಿವಿಡಿಯ ಇನ್ನೊಂದು ಪ್ರತಿ. ಒಂದೊಂದು ವಿಒಬಿ ಫೈಲೂ ಒಂದು ಗಿಗಾಬೈಟ್ ಮೀರುವಂತಿಲ್ಲ ಎಂಬುದು ಡೀವಿಡಿಯ ಕಟ್ಟಳೆ. ಹಾಗಾಗಿ ಎರಡು ಗಂಟೆಯ ಮದುವೆ ನಾಲ್ಕೈದು ತುಂಡಾಗುತ್ತದೆ. ತುಂಡಾಗುವುದು ಶಾಸ್ತ್ರಗಳ ನಡುವಿನ ಬಿಡುವಿನಲ್ಲಲ್ಲ, ಗಾತ್ರ ತುಂಬಿದಲ್ಲಿ. ಪುರೋಹಿತರು ಹೇಳುವ ಮಾತಿನ ಅರ್ಧ ಒಂದು ಫೈಲಿನಲ್ಲಿ, ಉಳಿದರ್ಧ ಮುಂದಿನದರಲ್ಲಿ. ಹುಡುಗರು ಒಂದೊಂದೇ ಫೈಲನ್ನು ಎಳೆದು ಸಾಲಾಗಿ ಇಟ್ಟಾಗ ಜೋಡಣೆಯ ಜಾಗದಲ್ಲಿ ಚಿತ್ರ ಗಕ್ಕನೆ ನೆಗೆಯುವುದು, ತಾಳಿ ಕಟ್ಟಿದ ಮೇಲೆ ಗಟ್ಟಿಮೇಳ ಕೇಳುವುದು ಇದರಿಂದಲೇ.

ಪರಿವಿಡಿಯನ್ನು ಓದಿ ತುಂಡುಗಳನ್ನು ಸರಿಯಾಗಿ ಹೊಲಿದು ಒಂದೇ ಫೈಲು ಮಾಡಿಕೊಡುವ ತಂತ್ರಾಂಶಗಳಿವೆ. ‘ಮೇಕ್ ಎಂಕೆವಿ’ ಅಂಥದ್ದು. ‘ಹ್ಯಾಂಡ್‌ಬ್ರೇಕ್’ ಇನ್ನೊಂದು, 2003ರಿಂದ ಇರುವ, ಉಚಿತವಾಗಿ ಸಿಗುವ ತಂತ್ರಾಂಶ. ಎರಡಕ್ಕೂ ಬಿಡಿ ಫೈಲು ತೋರಿಸದೆ ಇಡೀ ‘ವಿಡಿಯೋ ಟಿಎಸ್’ ಫೋಲ್ಡರನ್ನೇ ತೋರಿಸಬೇಕು. ಆದರೆ ಇವೆರಡೂ ಮಾಡುವ ಕೆಲಸ ಒಂದೇ ಅಲ್ಲ. ಈ ಭೇದ ತಿಳಿಯದೆ ಮಾಡಿದ ಕೆಲಸದಲ್ಲಿ ಅಜ್ಜಯ್ಯನ ಮುಖ ಇನ್ನಷ್ಟು ಮಸುಕಾಗುವುದು ಖಂಡಿತ.

ಕಾಫಿ ಬೆಳೆಯುವವರಿಗೆ ಇದನ್ನು ವಿವರಿಸುವುದು ಸುಲಭ. ಹರಿದ ಗೋಣಿಚೀಲದಲ್ಲಿರುವ ಕಾಫಿ ಬೀಜವನ್ನು ಹೊಸ ಚೀಲಕ್ಕೆ ಸುರಿದರೆ ಬೀಜ ಹಾಗೇ ಇರುತ್ತದೆ, ಚೀಲ ಮಾತ್ರ ಬೇರೆ. ಮೇಕ್ ಎಂಕೆವಿ ಮಾಡುವುದು ಇದನ್ನು. ವಿಒಬಿ ಎಂಬ ಚೀಲದಿಂದ ತೆಗೆದು ಎಂಕೆವಿ ಎಂಬ ಚೀಲಕ್ಕೆ ಸುರಿಯುತ್ತದೆ. ಚಿತ್ರದ ಒಂದು ಚುಕ್ಕಿಯೂ ಬದಲಾಗುವುದಿಲ್ಲ, ಕೆಲಸವೂ ಬೇಗ ಮುಗಿಯುತ್ತದೆ. ಹ್ಯಾಂಡ್‌ಬ್ರೇಕ್ ಮಾಡುವುದು ಬೀಜವನ್ನು ಹುರಿಯುವ ಕೆಲಸ. ಚಿತ್ರವನ್ನು ಪೂರ್ತಿ ಬಿಚ್ಚಿ ಬೇರೊಂದು ವಿಧಾನದಲ್ಲಿ ಮತ್ತೆ ಅಡಕ ಮಾಡುತ್ತದೆ. ಫೈಲು ಚಿಕ್ಕದಾಗುತ್ತದೆ, ಮೊಬೈಲಿನಲ್ಲೂ ಓಡುತ್ತದೆ. ಆದರೆ ಹುರಿದ ಬೀಜ ಮತ್ತೆ ಹಸಿ ಬೀಜವಾಗದು. ಎರಡು ಮೂರು ಸಲ ಹುರಿದರೆ ಸೀದ ವಾಸನೆ. ಮನೆಯಲ್ಲಿ ಕಾಪಿಡುವ ಮೂಲಪ್ರತಿ ಹಸಿ ಬೀಜವೇ ಆಗಿರಬೇಕು. ನೆಂಟರಿಗೆ ವಾಟ್ಸ್ಯಾಪಿನಲ್ಲಿ ಕಳಿಸುವುದನ್ನು ಎಷ್ಟು ಬೇಕಾದರೂ ಹುರಿದುಕೊಳ್ಳಿ.

ಈ ಅಡಕದ ಮಹಿಮೆ ಎಷ್ಟೆಂಬುದಕ್ಕೆ ಒಂದು ಲೆಕ್ಕ. ಒಂದು ಚೌಕಟ್ಟಿನಲ್ಲಿ 720 ಗುಣಿಸು 576 ಚುಕ್ಕಿ; ಪ್ರತಿ ಚುಕ್ಕಿಗೆ ಕೆಂಪು, ಹಸಿರು, ನೀಲಿ ಸೇರಿ 3 ಬೈಟ್; ಸೆಕೆಂಡಿಗೆ 25 ಚೌಕಟ್ಟು. ಗುಣಿಸಿದರೆ ಸೆಕೆಂಡಿಗೆ 3 ಕೋಟಿ 11 ಲಕ್ಷ ಬೈಟ್ ದಾಟುತ್ತದೆ. ಎರಡು ಗಂಟೆಗೆ ಸುಮಾರು 224 ಗಿಗಾಬೈಟ್. ಅದನ್ನು 4.7ರಲ್ಲಿ ತುರುಕಿದ್ದಾರೆ ಎಂದರೆ ನಲವತ್ತೇಳು ಪಟ್ಟು ಹಿಂಡಿದ್ದಾರೆ. ಹೇಗೆ?

ತೋಟದ ರೈಟರು ಚೆಕ್‌ರೋಲ್ ಬರೆಯುವುದನ್ನು ನೋಡಿದವರಿಗೆ ಉತ್ತರ ಹೊಳೆಯುತ್ತದೆ. ರೈಟರು ಸ್ವಲ್ಪ ಸೋಮಾರಿ ಎಂದಿಟ್ಟುಕೊಳ್ಳಿ. ಸೋಮವಾರ ಕೆಲಸಕ್ಕೆ ಬಂದ ಐವತ್ತು ಜನರ ಹೆಸರನ್ನೂ ಬರೆಯುತ್ತಾರೆ. ಮಂಗಳವಾರ ‘ನಿನ್ನೆಯಂತೆ, ಇಬ್ಬರು ಇಲ್ಲ’ ಎನ್ನುತ್ತಾರೆ. ಬುಧವಾರ ‘ನಿನ್ನೆಯಂತೆ, ಒಬ್ಬರು ಹೆಚ್ಚು’. ಪುಸ್ತಕ ಬಹಳ ಉಳಿಯಿತು. ಡೀವಿಡಿಯ ಎಂಪೆಗ್-2 ವಿಧಾನವೂ ಹೀಗೆಯೇ. ಸುಮಾರು ಅರ್ಧ ಸೆಕೆಂಡಿಗೊಮ್ಮೆ ಒಂದು ಪೂರ್ಣ ಚೌಕಟ್ಟು; ನಡುವಿನ ಹತ್ತು ಹನ್ನೆರಡು ಚೌಕಟ್ಟುಗಳಲ್ಲಿ ಏನು ಬದಲಾಯಿತು ಎಂಬ ಟಿಪ್ಪಣಿ ಮಾತ್ರ. ಮಂಟಪದ ಹಿಂದಿನ ಪರದೆ ಅಲ್ಲಾಡದಿದ್ದರೆ ಅದನ್ನು ಮತ್ತೆ ಬರೆಯುವುದೇ ಇಲ್ಲ.

ನೋಡುವುದಕ್ಕೆ ಇದರಿಂದ ತೊಂದರೆಯಿಲ್ಲ. ಕತ್ತರಿಸುವಾಗ ಮಾತ್ರ ಪಜೀತಿ. ಗುರುವಾರ ಯಾರು ಬಂದಿದ್ದರು ಎಂದು ಯಜಮಾನರು ಕೇಳಿದರೆ ರೈಟರು ಸೋಮವಾರದ ಪುಟಕ್ಕೆ ಹೋಗಿ ಅಲ್ಲಿಂದ ಕೂಡಿ ಕಳೆದು ಬರಬೇಕು. ಎಡಿಟಿಂಗ್ ತಂತ್ರಾಂಶವೂ ನೀವು ಬೆರಳಿಟ್ಟ ಪ್ರತಿ ಜಾಗಕ್ಕೂ ಹೀಗೆ ಹಿಂದಕ್ಕೆ ಓಡಿ ಲೆಕ್ಕ ಹಾಕಬೇಕಾಗುತ್ತದೆ. ಕಂಪ್ಯೂಟರು ಏದುಸಿರು ಬಿಡುತ್ತದೆ, ಚಿತ್ರ ತಡವರಿಸುತ್ತದೆ. ಅದಕ್ಕೇ ಎಡಿಟಿಂಗ್ ಮಾಡುವವರು ಪ್ರತಿ ಚೌಕಟ್ಟನ್ನೂ ಪೂರ್ಣವಾಗಿ ಬರೆಯುವ ಮಧ್ಯಂತರ ರೂಪಕ್ಕೆ ಬದಲಿಸಿಕೊಳ್ಳುತ್ತಾರೆ. ಪ್ರೋರೆಸ್, ಡಿಎನ್‌ಎಕ್ಸ್‌ಎಚ್‌ಆರ್ ಎಂಬವು ಅಂಥವು. ಫೈಲು ಹಲವು ಪಟ್ಟು ಊದಿಕೊಳ್ಳುತ್ತದೆ, ಕೆಲಸ ಮುಗಿದ ಮೇಲೆ ಅಳಿಸಿದರಾಯಿತು. ‘ಶಾಟ್‌ಕಟ್’, ‘ಕೆಡೆನ್‌ಲೈವ್’ ಎಂಬ ಎರಡು ಉಚಿತ ತಂತ್ರಾಂಶಗಳು ಡೀವಿಡಿಯ ಫೈಲನ್ನು ನೇರವಾಗಿ ತೆರೆಯಬಲ್ಲವು, ಹೀಗೆ ಬದಲಿಸಿಕೊಡಲೂ ಬಲ್ಲವು. ಹಣ ಕೊಟ್ಟು ತಂದ ಕೆಲವು ದೊಡ್ಡ ಹೆಸರುಗಳು ವಿಒಬಿ ಕಂಡರೆ ಮುಖ ತಿರುಗಿಸುವುದು ತಮಾಷೆಯ ಸಂಗತಿ.

ಮೂಕಿ ಚಿತ್ರ, ಬಾಚಣಿಗೆ ಗೆರೆ

ಚಿತ್ರವಿದ್ದು ದನಿ ಇಲ್ಲದ್ದಕ್ಕೆ ಕಾರಣ ಸರಳ. ಡೀವಿಡಿಯ ದನಿ ಹೆಚ್ಚಾಗಿ ಡಾಲ್ಬಿಯ ಎಸಿ-3 ರೂಪದಲ್ಲಿರುತ್ತದೆ. ಆ ಭಾಷೆ ಬಾರದ ತಂತ್ರಾಂಶಕ್ಕೆ ಚಿತ್ರ ಮೂಕಿಯಾಗುತ್ತದೆ. ದನಿಯನ್ನು ಅಡಕವಿಲ್ಲದ ‘ವೇವ್’ ರೂಪಕ್ಕೆ ಬದಲಿಸಿಕೊಂಡರೆ ಎಲ್ಲ ತಂತ್ರಾಂಶಕ್ಕೂ ಅರ್ಥವಾಗುತ್ತದೆ. ಇದಕ್ಕಾಗಿ ಚಿತ್ರವನ್ನು ಮುಟ್ಟಬೇಕಾಗಿಲ್ಲ. ದನಿ ಇಲ್ಲವೆಂದು ಗಾಬರಿಯಾಗಿ ಡಿಸ್ಕೇ ಕೆಟ್ಟಿತೆಂದು ಎಸೆದವರಿದ್ದರೆ ಅವರಿಗಾಗಿ ಮರುಗಬೇಕಷ್ಟೆ.

ಇನ್ನೊಂದು ದೂರು ಗೆರೆಗಳದ್ದು. ಹಳೆಯ ಟೀವಿಯಲ್ಲಿ ಚೆನ್ನಾಗಿ ಕಾಣುತ್ತಿದ್ದ ಮದುವೆ ಕಂಪ್ಯೂಟರ್ ಪರದೆಯಲ್ಲಿ ನೋಡಿದರೆ ಯಾರಾದರೂ ಕೈ ಬೀಸಿದಾಗ ಬಾಚಣಿಗೆಯ ಹಲ್ಲಿನಂಥ ಗೆರೆಗಳು ಏಳುತ್ತವೆ. ಹಳೆಯ ಟೀವಿ ಒಂದು ಚೌಕಟ್ಟನ್ನು ಒಮ್ಮೆಗೇ ಬರೆಯುತ್ತಿರಲಿಲ್ಲ. ಮೊದಲು ಬೆಸ ಸಾಲುಗಳು, ಆಮೇಲೆ ಸಮ ಸಾಲುಗಳು, ಸೆಕೆಂಡಿನ ಐವತ್ತನೇ ಒಂದು ಭಾಗದ ಅಂತರದಲ್ಲಿ. ಅಷ್ಟರಲ್ಲಿ ಕೈ ಮುಂದೆ ಸರಿದಿರುತ್ತದೆ. ಇಂದಿನ ಪರದೆ ಎರಡನ್ನೂ ಒಟ್ಟಿಗೆ ತೋರಿಸುವುದರಿಂದ ಗೆರೆ. ‘ಡೀ ಇಂಟರ್‌ಲೇಸ್’ ಎಂಬ ಆಯ್ಕೆ ಇರುವುದು ಇದಕ್ಕೇ. ಒಮ್ಮೆ, ಕೊನೆಯ ಪ್ರತಿ ತೆಗೆಯುವಾಗ ಮಾತ್ರ ಅದನ್ನು ಬಳಸಬೇಕು. ಕಾಪಿಡುವ ಮೂಲಪ್ರತಿಯ ಮೇಲೆ ಬಳಸಬಾರದು.

ಅಮೆರಿಕದಲ್ಲಿರುವ ಮಗಳು ಕಳಿಸಿದ ಡಿಸ್ಕಿನ ಕತೆ ಬೇರೆ. ನಮ್ಮ ಟೀವಿ ಪದ್ಧತಿ ಪಾಲ್: 576 ಸಾಲು, ಸೆಕೆಂಡಿಗೆ 25 ಚೌಕಟ್ಟು. ಅವರದು ಎನ್‌ಟಿಎಸ್‌ಸಿ: 480 ಸಾಲು, 29.97 ಚೌಕಟ್ಟು. ಮೊಮ್ಮಗುವಿನ ನಾಮಕರಣ ನ್ಯೂಜೆರ್ಸಿಯಲ್ಲಿ, ಅದೇ ಮಗುವಿನ ಚೌಲ ಕಳಸದಲ್ಲಿ. ಎರಡನ್ನೂ ಒಂದೇ ಚಿತ್ರದಲ್ಲಿ ಹೆಣೆಯುವಾಗ ಯಾವುದು ಹೆಚ್ಚಿದೆಯೋ ಅದರ ವೇಗಕ್ಕೆ ಯೋಜನೆಯನ್ನು ಹೊಂದಿಸಿ ಇನ್ನೊಂದನ್ನು ಅದಕ್ಕೆ ಬಗ್ಗಿಸಬೇಕು. ಮೊದಲೇ ನಿರ್ಧರಿಸದಿದ್ದರೆ ಅತ್ತಿತ್ತ ನಡೆಯುವವರೆಲ್ಲ ಎಡವಿದಂತೆ ಕಾಣುತ್ತಾರೆ.

ಅಗಲ ಪರದೆಯ ಆಸೆಯೂ ಒಂದು ಪಿಡುಗು. ಹಳೆಯ ಚಿತ್ರದ ಆಕಾರ ನಾಲ್ಕಕ್ಕೆ ಮೂರು. ಅದನ್ನು ಹಿಗ್ಗಿಸಿ ಈಗಿನ ಟೀವಿ ತುಂಬಿಸಿದರೆ ಬಡಕಲು ಮದುಮಗ ಪೈಲ್ವಾನನಾಗುತ್ತಾನೆ. ಪಕ್ಕದ ಎರಡು ಕಪ್ಪು ಪಟ್ಟಿಗಳು ಇದ್ದರೆ ಇರಲಿ. ಡೀವಿಡಿಯ ಚುಕ್ಕಿಗಳು ಚೌಕಾಕಾರವಲ್ಲ, ತುಸು ಅಗಲ. ಆದ್ದರಿಂದ ಕಂಪ್ಯೂಟರಿಗೆ ಪ್ರತಿ ತೆಗೆಯುವಾಗ 720ರ ಬದಲು 768 ಗುಣಿಸು 576 ಎಂದು ಕೊಟ್ಟರೆ ಮುಖಗಳು ಸರಿಯಾದ ಅಳತೆಗೆ ಬರುತ್ತವೆ.

ಏನನ್ನು ಕತ್ತರಿಸಬೇಕು

ತಾಂತ್ರಿಕ ತೊಡಕು ಬಿಡಿಸಿದ ಮೇಲೆ ಕಷ್ಟದ ಪ್ರಶ್ನೆ ಎದುರಾಗುತ್ತದೆ. ಸ್ಟುಡಿಯೋದವರು ಆ ಕಾಲದ ರುಚಿಗೆ ತಕ್ಕಂತೆ ಮದುವೆಯನ್ನು ಒಪ್ಪವಾಗಿಸಿ ಕೊಟ್ಟಿದ್ದಾರೆ: ಹೃದಯದೊಳಗೆ ವಧೂವರರು, ತಿರುಗುವ ಗುಲಾಬಿ, ಬೆಂಕಿಯುಗುಳುವ ಅಕ್ಷರಗಳು. ಅದನ್ನು ಕಂಡು ಈಗಿನ ಮಕ್ಕಳು ನಗುತ್ತಾರೆ, ನಗಲಿ. ನಿಜವಾದ ನಷ್ಟ ದನಿಯಲ್ಲಿದೆ. ಬಹಳ ಕಡೆ ಅಂದಿನ ಮಾತು, ಹೆಂಗಸರ ಸೋಬಾನೆ, ಅಡುಗೆಯವರ ಗದ್ದಲ ಎಲ್ಲವನ್ನೂ ಅಳಿಸಿ ಮೇಲೆ ಸಿನಿಮಾ ಹಾಡು ಹಾಕಿಬಿಟ್ಟಿದ್ದಾರೆ. ಅಳಿಸಿದ ದನಿ ಯಾವ ತಂತ್ರಾಂಶದಿಂದಲೂ ಮರಳುವುದಿಲ್ಲ. ಆ ಮದುವೆಯ ಮೂಲ ಕ್ಯಾಸೆಟ್ಟು ಇನ್ನೂ ಎಲ್ಲಾದರೂ ಇದ್ದರೆ ಅದೊಂದೇ ದಾರಿ. ಸಿನಿಮಾ ಹಾಡಿರುವ ಭಾಗವನ್ನು ಯೂಟ್ಯೂಬಿಗೆ ಏರಿಸಿದರೆ ಹಾಡಿನ ಹಕ್ಕುದಾರರ ತಕರಾರೂ ಬರುತ್ತದೆ. ಅಂಗಡಿಯಿಂದ ಕೊಂಡ ಸಿನಿಮಾ ಡೀವಿಡಿಗೆ ಬೀಗ ಹಾಕಿರುತ್ತಾರೆ, ಅದನ್ನು ನಕಲು ಮಾಡುವುದು ಬೇರೆ ವಿಚಾರ, ಬೇಡದ ವಿಚಾರ. ಮನೆಯ ಡಿಸ್ಕಿಗೆ ಬೀಗವಿಲ್ಲ.

ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆಗೆ ಬಂತು. ಅದರ ಪ್ರತಿ ಇಂದು ಉಳಿದಿಲ್ಲ. ಸಾವಿರಾರು ಜನ ನೋಡಿದ ಚಿತ್ರದ ಗತಿಯೇ ಹೀಗಾದರೆ, ಜಗತ್ತಿನಲ್ಲಿ ಒಂದೇ ಒಂದು ಪ್ರತಿಯಿರುವ ಮನೆಯ ಡಿಸ್ಕಿನ ಪಾಡೇನು?

ಅಜ್ಜಯ್ಯನ ಮಾತಿಗಿಂತ ಅವರ ಬೆನ್ನ ಹಿಂದಿನ ನೋಟಕ್ಕೆ ಬೆಲೆ ಬರುವ ಸಂದರ್ಭಗಳೂ ಇವೆ. ಕಳಸದ ಪಕ್ಕದ ಕುದುರೆಮುಖವನ್ನೇ ನೋಡಿ. 1976ರಲ್ಲಿ ಕಬ್ಬಿಣದ ಅದಿರಿನ ಕಂಪನಿ ಶುರುವಾಗಿ ಕಾಡಿನ ನಡುವೆ ಒಂದು ಊರೇ ಎದ್ದಿತು. 2002ರ ಸುಪ್ರೀಂ ಕೋರ್ಟ್ ತೀರ್ಪಿನಂತೆ 2005ರ ಕೊನೆಯಲ್ಲಿ ಗಣಿಗಾರಿಕೆ ನಿಂತಿತು. ಕಾಡಿಗೆ ಒಳ್ಳೆಯದಾಯಿತು. ಊರು ಮಾತ್ರ ಬರಿದಾಯಿತು, ಅಲ್ಲಿ ಆಡಿ ಬೆಳೆದ ಮಕ್ಕಳು ದೇಶದ ಮೂಲೆ ಮೂಲೆ ಸೇರಿದರು. ಆ ಊರಿನ ಬೀದಿಯಲ್ಲಿ ತೆಗೆದ ಹುಟ್ಟುಹಬ್ಬದ ವಿಡಿಯೋ ಯಾರದೋ ಬೀರುವಿನಲ್ಲಿ ಇದ್ದರೆ ಅದರಲ್ಲಿ ಕೇಕಿಗಿಂತ ಹಿಂದೆ ಕಾಣುವ ಕ್ವಾರ್ಟರ್ಸು, ಬಸ್ಸು, ಅಂಗಡಿ ಸಾಲು ಮುಖ್ಯ. ತೋಟದ ಮನೆಗಳ ವಿಡಿಯೋದಲ್ಲೂ ಅಷ್ಟೆ: ಈಗ ಕಾಣದ ಗದ್ದೆ, ಕಡಿದುಹೋದ ಹಲಸಿನ ಮರ, ಕಾಫಿ ಹರವಿದ ಮಣ್ಣಿನ ಕಣ. ಕ್ಯಾಮೆರಾದವನು ಬೇಸರಕ್ಕೆ ಸುಮ್ಮನೆ ತಿರುಗಿಸಿದ ಆ ಅರ್ಧ ನಿಮಿಷವನ್ನು ‘ಬೋರು’ ಎಂದು ಮೊದಲು ಕತ್ತರಿಸುವುದು ಹೊಸ ಎಡಿಟರುಗಳ ದೊಡ್ಡ ತಪ್ಪು. ಮನೆಮಂದಿಗೆ ತೋರಿಸಲು ಹದಿನೈದು ನಿಮಿಷದ ಚಿತ್ರ ಮಾಡಲಿ, ಬೇಡವೆನ್ನುವವರಾರು? ಇಡೀ ಮೂಲಪ್ರತಿ ಮಾತ್ರ ಹಾಗೇ ಇರಬೇಕು.

ಆ ಮೂಲಪ್ರತಿ ಒಂದೇ ಕಡೆ ಇದ್ದರೂ ಸಾಲದು. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಯಂಥ ಊರುಗಳಲ್ಲಿ ಗುಡ್ಡ ಜರಿದು ಮನೆಗಳು ಮಣ್ಣುಪಾಲಾದವು. ಅಂಥ ಹೊತ್ತಿನಲ್ಲಿ ಯಾರೂ ಬೀರು ತೆರೆದು ಹಾರ್ಡ್‌ಡಿಸ್ಕು ಹುಡುಕುವುದಿಲ್ಲ, ಹುಡುಕಲೂಬಾರದು. ಮೂರು ಪ್ರತಿ, ಎರಡು ಬಗೆಯ ಸಾಧನ, ಅದರಲ್ಲಿ ಒಂದು ಬೇರೆ ಊರಿನಲ್ಲಿ: ಛಾಯಾಗ್ರಾಹಕರು ಪಾಲಿಸುವ ಈ ಲೆಕ್ಕ ಗುಡ್ಡದ ಮೇಲಿನ ಮನೆಗಳಿಗೆ ಚೆನ್ನಾಗಿ ಒಪ್ಪುತ್ತದೆ. ಬೆಂಗಳೂರಿನಲ್ಲಿರುವ ಚಿಕ್ಕಪ್ಪನ ಮನೆಗೆ ಕಾಫಿಪುಡಿಯ ಜೊತೆ ಒಂದು ಹಾರ್ಡ್‌ಡಿಸ್ಕನ್ನೂ ಕಳಿಸಬಹುದು.

ಇಷ್ಟೆಲ್ಲ ಕಲಿತರೆ ಪರೀಕ್ಷೆಯಲ್ಲಿ ಅಂಕ ಬರುತ್ತದೆಯೇ ಎಂದು ಕೇಳುವ ತಂದೆತಾಯಿಗಳಿದ್ದಾರೆ. ಬರುವುದಿಲ್ಲ. ಮೂಡಿಗೆರೆಯ ತೋಟದಲ್ಲಿ ಕುಳಿತು ಹಕ್ಕಿಗಳ ಫೋಟೊ ತೆಗೆಯುತ್ತಾ, ಕಂಪ್ಯೂಟರಿಗೆ ಕನ್ನಡ ಕಲಿಸಬೇಕೆಂದು ಹಟ ಹಿಡಿದಿದ್ದ ಪೂರ್ಣಚಂದ್ರ ತೇಜಸ್ವಿಯವರು 2007ರಲ್ಲಿ ತೀರಿಕೊಳ್ಳುವವರೆಗೂ ಇಂಥ ಅಂಕವಿಲ್ಲದ ವಿದ್ಯೆಗಳನ್ನು ಒಂದಾದಮೇಲೊಂದು ಕಲಿಯುತ್ತಲೇ ಇದ್ದರು. ಹುಡುಗ ಒಂದು ರಜೆಯಲ್ಲಿ ಹತ್ತು ಡಿಸ್ಕು ಉಳಿಸಿದರೆ ಸಾಕಷ್ಟು ಗಣಿತ, ಸಾಕಷ್ಟು ತಾಳ್ಮೆ ಕಲಿತಿರುತ್ತಾನೆ.

ಅವನಿಗೆ ಇನ್ನೊಂದು ಕೆಲಸ ಉಳಿದಿದೆ, ಅದಕ್ಕೆ ತಂತ್ರಾಂಶ ಬೇಡ. ಚಿತ್ರ ಓಡುವಾಗ ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಆಗಾಗ ನಿಲ್ಲಿಸಿ, “ಇವರು ಯಾರಜ್ಜಿ?” ಎಂದು ಕೇಳಿ ಉತ್ತರವನ್ನು ಮೊಬೈಲಿನಲ್ಲಿ ದಾಖಲಿಸಿಕೊಳ್ಳುವುದು. “ಅವಳು ಬಾಳೂರಿನ ಅತ್ತೆ. ಪಕ್ಕದಲ್ಲಿ ಕೊಡೆ ಹಿಡ್ಕಂಡು ನಿಂತಿರೋರು ಯಾರು ಗೊತ್ತಾ, ನಿಮ್ಮಪ್ಪಂಗೆ ಅಕ್ಷರ ಕಲಿಸಿದ ಮೇಷ್ಟ್ರು.” ಈ ಮಾಹಿತಿ ಡಿಸ್ಕಿನಲ್ಲಿಲ್ಲ. ಅಜ್ಜಿಯ ನೆನಪಿನಲ್ಲಿದೆ, ಅದಕ್ಕೆ ಎರಡನೆಯ ಪ್ರತಿಯಿಲ್ಲ. ಫೈಲಿಗೆ ಹೆಸರಿಡುವಾಗ ‘ಮದುವೆ ಹೊಸದು ಫೈನಲ್ 3’ ಎಂದು ಬರೆಯದೆ ಇಸವಿ, ತಿಂಗಳು, ಊರು, ಸಂದರ್ಭ ಬರೆದರೆ ಇಪ್ಪತ್ತು ವರ್ಷದ ನಂತರ ಹುಡುಕುವವರಿಗೆ ಸಿಗುತ್ತದೆ.

ಮೇಲೆ ಏನೂ ಬರೆಯದ ಆ ಮೂರನೆಯ ಡಿಸ್ಕು? ಖಾಲಿಯಿರಬಹುದೆಂದು ಪಕ್ಕಕ್ಕಿಡುವ ಮೊದಲು ಅದರ ಹೊಳೆಯುವ ಮೈಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಬೇಕು. ಬರೆದ ಭಾಗದ ಬಣ್ಣ ಬರೆಯದ ಭಾಗಕ್ಕಿಂತ ಬೇರೆಯಾಗಿರುತ್ತದೆ. ನಡುವಿನ ತೂತಿನ ಸುತ್ತ ಬಳೆಯಂತೆ ಒಂದು ಪಟ್ಟಿ ಕಂಡರೆ ಅಲ್ಲಿ ಏನೋ ಇದೆ. ಕಂಪ್ಯೂಟರು ‘ಖಾಲಿ’ ಎಂದರೂ ನಂಬಬೇಕಿಲ್ಲ. ಡಿಸ್ಕಿಗೇ ನೇರವಾಗಿ ಬರೆಯುತ್ತಿದ್ದ ಕ್ಯಾಮೆರಾಗಳಲ್ಲಿ ಕೊನೆಗೊಮ್ಮೆ ‘ಫೈನಲೈಸ್’ ಎಂಬ ಗುಂಡಿ ಒತ್ತಬೇಕಿತ್ತು. ಒತ್ತುವುದನ್ನು ಮರೆತಿದ್ದರೆ ಒಳಗಿನದ್ದು ಬೇರೆ ಯಂತ್ರಗಳಿಗೆ ಕಾಣದು. ಆಗ ಬೀರುವಿನ ಇನ್ನೊಂದು ಅರೆಯಲ್ಲಿ ಆ ಹಳೆಯ ಕ್ಯಾಮೆರಾವನ್ನೂ ಅದರ ಚಾರ್ಜರನ್ನೂ ಹುಡುಕಬೇಕಾಗುತ್ತದೆ.